ಜರತುಷ್ಟ್ರನನ್ನು ಎಲ್ಲಿಂದ ಓದಲು ಆರಂಭಿಸಬೇಕು?

ಪ್ರಶ್ನೆ: ನಾನು ಬಂಗಾರಪೇಟೆಯವಳು. ಬಿ.ಕಾಂ. ಓದಿದ್ದೇನೆ. ಬೆಂಗಳೂರಿನಲ್ಲಿ ಕೆಲಸ, ದಿನವೂ ರೈಲಿನಲ್ಲಿ ಹೋಗಿ ಬರುತ್ತೇನೆ. ಹೋದ ವರ್ಷ ತಂದೆ ತೀರಿಕೊಂಡರು. ಆಮೇಲೆ ಗೆಳತಿಯೊಬ್ಬಳು ಜರ್ಮನ್ ತತ್ತ್ವಜ್ಞಾನಿ ನೀತ್ಸೆ ಬರೆದ ‘ಹೀಗೆ ನುಡಿದ ಜರತುಷ್ಟ್ರ’ದ ಇಂಗ್ಲಿಷ್ ಅನುವಾದವನ್ನು ಕೈಗಿಟ್ಟು, ‘ಬದುಕಿಗೆ ಹೌದು ಎನ್ನುವುದನ್ನು ಕಲಿಸುವ ಪುಸ್ತಕ’ ಎಂದಳು. ಒಂದನೇ ಭಾಗ ಮುಗಿಯುವ ಮೊದಲೇ ಸುಸ್ತಾಗಿ ಬಿಟ್ಟೆ. ಹಳೆಯ ಬೈಬಲ್ಲಿನಂಥ ಭಾಷೆ. ಕಂಡವರನ್ನೆಲ್ಲ ಬೈಯುವ ನಾಯಕ. ಇವನು ಬದುಕನ್ನು ಪ್ರೀತಿಸಿದವನು ಹೇಗಾದಾನು? ತಂದೆ ರಾತ್ರಿ ಊಟವಾದ ಮೇಲೆ ಮಂಕುತಿಮ್ಮನ ಕಗ್ಗವನ್ನು ಎಲ್ಲಾದರೂ ತೆರೆದು ಒಂದೆರಡು ಪದ್ಯ ಓದುತ್ತಿದ್ದರು. ಇದನ್ನೂ ಹಾಗೆ ಓದಲು ನೋಡಿದೆ, ಆಗಲಿಲ್ಲ. ಮೊದಲು ಬೇರೆ ತತ್ತ್ವಶಾಸ್ತ್ರ ಓದಿರಬೇಕೇ? ಹಿಟ್ಲರನ ಕಡೆಯವರು ತಲೆಯ ಮೇಲೆ ಹೊತ್ತ ಪುಸ್ತಕ ಎನ್ನುತ್ತಾರಲ್ಲ, ನಿಜವೇ? ಓದಲೇ, ಬಿಡಲೇ?

ಉತ್ತರ: ಓದಿ. ಆದರೆ ಓದುವ ಕ್ರಮವನ್ನು ಬದಲಿಸಿಕೊಳ್ಳಿ. ಕೋಲಾರದಲ್ಲಿ ತತ್ತ್ವಶಾಸ್ತ್ರ ಪಾಠ ಹೇಳುತ್ತಿದ್ದ ಕಾಲದಿಂದಲೂ ಈ ಪುಸ್ತಕವನ್ನು ಆಸೆಪಟ್ಟು ಕೊಂಡು ಒಂದನೇ ಭಾಗದಲ್ಲೇ ನಿಂತವರನ್ನು ನಾನು ಬಹಳ ಕಂಡಿದ್ದೇನೆ. ಅವರಿಗೆ ಬುದ್ಧಿ ಸಾಲದೆ ಹಾಗಾದದ್ದಲ್ಲ. ಇದು ಉಪದೇಶದ ಪುಸ್ತಕ ಎಂದುಕೊಂಡು ಕೈಗೆತ್ತಿಕೊಂಡರೆ ಯಾರೇ ಆದರೂ ದಣಿಯುತ್ತಾರೆ. ಇದು ಒಬ್ಬ ಮನುಷ್ಯನ ಕಥೆ. ಬದುಕಿಗೆ ಹೌದು ಎನ್ನಬೇಕೆಂದು ಊರೆಲ್ಲ ಸಾರಿಕೊಂಡು ಹೊರಟವನು, ತನಗೇ ಆ ಮಾತು ಬಾಯಿಂದ ಹೊರಡುತ್ತಿಲ್ಲ ಎಂದು ಅರಿತು, ಕಾಯಿಲೆ ಬಿದ್ದು, ಮೂರನೇ ಭಾಗದ ಕೊನೆಗೆ ಚೇತರಿಸಿಕೊಳ್ಳುವ ಕಥೆ. ಇದೊಂದನ್ನು ಹಿಡಿದುಕೊಂಡರೆ ನಿಮ್ಮನ್ನು ಕಾಡಿದ ಬೈಗುಳದ ಅರ್ಥವೂ ಬೇರೆಯಾಗುತ್ತದೆ.

ಬೈಗುಳದಿಂದಲೇ ಶುರು ಮಾಡುತ್ತೇನೆ. ಮೂರನೇ ಭಾಗದಲ್ಲಿ, ದಾಟಿಹೋಗುವುದನ್ನು ಕುರಿತ ಒಂದು ಸಣ್ಣ ಅಧ್ಯಾಯವಿದೆ. ಜರತುಷ್ಟ್ರ ಒಂದು ಮಹಾನಗರದ ಬಾಗಿಲಿಗೆ ಬರುತ್ತಾನೆ. ಅಲ್ಲಿ ಒಬ್ಬ ಹುಚ್ಚ ಬಾಯಲ್ಲಿ ನೊರೆ ಕಾರುತ್ತ ಎದುರಾಗುತ್ತಾನೆ. ಊರಿನವರು ಅವನಿಗೆ ಇಟ್ಟಿರುವ ಹೆಸರು ‘ಜರತುಷ್ಟ್ರನ ಕಪಿ’. ಜರತುಷ್ಟ್ರನ ಮಾತಿನ ವರಸೆಯನ್ನೇ ಕದ್ದು, ನಗರದ ಜನರ ಸಣ್ಣತನ, ವ್ಯಾಪಾರ, ಹೊಗಳುಭಟ್ಟತನ ಎಲ್ಲವನ್ನೂ ಎಳೆದೆಳೆದು ಹೀಯಾಳಿಸುತ್ತಾನೆ. ಕೇಳುವವರಿಗೆ ಮೊದಲ ಎರಡು ಭಾಗಗಳ ಜರತುಷ್ಟ್ರನೇ ಮಾತನಾಡಿದಂತಿರುತ್ತದೆ. ಆಗ ಜರತುಷ್ಟ್ರ ಅವನ ಬಾಯಿಗೆ ಕೈ ಅಡ್ಡ ಇಡುತ್ತಾನೆ. ‘ಇಷ್ಟು ದಿನ ಇದೇ ಕೊಚ್ಚೆಯ ಪಕ್ಕ ಏಕೆ ಕುಳಿತಿದ್ದೆ? ಕಾಡಿಗೆ ಹೋಗಬಹುದಿತ್ತಲ್ಲ’ ಎಂಬ ಧಾಟಿಯಲ್ಲಿ ಕೇಳುತ್ತಾನೆ. ನಿನ್ನ ತಿರಸ್ಕಾರ ಪ್ರೀತಿಯಿಂದ ಹುಟ್ಟಿದ್ದಲ್ಲ, ಸೇಡಿನಿಂದ ಹುಟ್ಟಿದ್ದು ಎನ್ನುತ್ತಾನೆ. ಎಲ್ಲಿ ಇನ್ನು ಪ್ರೀತಿಸಲಾಗುವುದಿಲ್ಲವೋ ಅಲ್ಲಿ ನಿಲ್ಲದೆ ದಾಟಿಹೋಗಬೇಕು ಎಂದು ಹೇಳಿ ಹೊರಟುಹೋಗುತ್ತಾನೆ. ತನ್ನ ನಾಯಕನ ಬೈಗುಳವನ್ನು ಕಪಿಯ ಬಾಯಲ್ಲಿಟ್ಟು ಅದು ಎಷ್ಟು ಹೀನವಾಗಿ ಕೇಳಿಸುತ್ತದೆ ಎಂದು ಲೇಖಕನೇ ತೋರಿಸುತ್ತಿದ್ದಾನೆ. ನಿಮಗೆ ಆದ ಬೇಸರ ಆ ಪುಸ್ತಕಕ್ಕೂ ಗೊತ್ತಿತ್ತು.

ಊರ ಹಬ್ಬದಲ್ಲಿ ಕುರುಕ್ಷೇತ್ರ ನಾಟಕ ನೋಡುವಾಗ ದುರ್ಯೋಧನನ ಒಂದು ಕಂದವನ್ನು ಕೇಳಿ ಅದೇ ನಾಟಕದ ಸಾರ ಎಂದು ಯಾರೂ ಎದ್ದು ಹೋಗುವುದಿಲ್ಲ. ಇಲ್ಲಿಯೂ ಅಷ್ಟೇ ತಾಳ್ಮೆ ಬೇಕು. ಎಲ್ಲೆಂದರಲ್ಲಿ ತೆರೆದು ಓದುವ ಅಭ್ಯಾಸ ಇಲ್ಲಿ ಕೈಕೊಟ್ಟದ್ದು ಇದೇ ಕಾರಣಕ್ಕೆ. ಕಗ್ಗ 1943ರಲ್ಲಿ ಹೊರಬಂದದ್ದು. ಅದರ 945 ಪದ್ಯಗಳಲ್ಲಿ ಒಂದೊಂದೂ ನಾಲ್ಕು ಸಾಲಿನಲ್ಲಿ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ. ದಿನದ ಕೆಲಸ ಮುಗಿಸಿದ ಗೃಹಸ್ಥನೊಬ್ಬ ಒಂದು ಪದ್ಯ ಓದಿ ಮಲಗಬಹುದು. ಮುಳಬಾಗಿಲಿನಲ್ಲಿ ಹುಟ್ಟಿ, ಪತ್ರಿಕೆ ನಡೆಸಿ, ಸಾರ್ವಜನಿಕ ಬದುಕಿನ ಏಳುಬೀಳು ಕಂಡ ಡಿ.ವಿ.ಜಿ. ತಮ್ಮಂಥ ಜನರ ನಡುವೆಯೇ ನಿಂತು ಬರೆದರು. ‘ಎಲ್ಲರೊಳಗೊಂದಾಗು’ ಎನ್ನಲು ಅವರಿಗೆ ಸಾಧ್ಯವಾಯಿತು. ನೀತ್ಸೆ ಹಾಗಲ್ಲ. ಎಲ್ಲರಿಂದ ದೂರ ನಿಂತು, ಆ ದೂರದ ಬೆಲೆಯನ್ನು ತಾನೇ ತೆತ್ತು ಬರೆದವನು. ಅವನ ಒಂದು ಅಧ್ಯಾಯ ಇನ್ನೊಂದನ್ನು ತಿದ್ದುತ್ತದೆ, ಕೆಲವೊಮ್ಮೆ ಅಳಿಸಿಯೇ ಹಾಕುತ್ತದೆ. ಎರಡನ್ನೂ ಒಂದೇ ಮನೆಯಲ್ಲಿಟ್ಟು ಓದಬಹುದು. ಒಂದೇ ಬಗೆಯಲ್ಲಿ ಓದಲಾಗದು.

ಮೊದಲು ಬೇರೆ ತತ್ತ್ವಶಾಸ್ತ್ರ ಬೇಕೇ ಎಂದಿರಿ. ಬೇಡ. ನೀತ್ಸೆ ಕಾಲೇಜಿನಲ್ಲಿ ಓದಿದ್ದು ಗ್ರೀಕ್ ಮತ್ತು ಲ್ಯಾಟಿನ್ ಭಾಷಾಶಾಸ್ತ್ರವನ್ನು. 1869ರಲ್ಲಿ, 24ನೇ ವಯಸ್ಸಿನಲ್ಲೇ, ಸ್ವಿಟ್ಜರ್‌ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದದ್ದೂ ಅದಕ್ಕೇ. ಕಾಂಟ್, ಹೆಗೆಲ್‌ರಂಥ ತತ್ತ್ವಜ್ಞಾನಿಗಳನ್ನು ಓದದೆಯೂ ಈ ಪುಸ್ತಕ ಅರ್ಥವಾಗುತ್ತದೆ. ಆದರೆ ಬರೆದವನ ಬದುಕಿನ ಕೆಲವು ಸಂಗತಿಗಳು ತಿಳಿದಿರಬೇಕು. ಅವನ ತಂದೆ ಪಾದ್ರಿ. 1849ರಲ್ಲಿ ತಂದೆ ತೀರಿಕೊಂಡಾಗ ಹುಡುಗನಿಗೆ ಇನ್ನೂ ಐದು ತುಂಬಿರಲಿಲ್ಲ; ಮರುವರ್ಷ ಪುಟ್ಟ ತಮ್ಮನೂ ಹೋದ. ದೊಡ್ಡವನಾದ ಮೇಲೆ ದಿನಗಟ್ಟಲೆ ಬಿಡದ ತಲೆನೋವು, ವಾಂತಿ, ಮಂಜಾಗುತ್ತ ಬಂದ ಕಣ್ಣು. 1879ರಲ್ಲಿ ಆ ಕಾಯಿಲೆಯಿಂದಲೇ ಕೆಲಸ ಬಿಟ್ಟ. ಆಮೇಲಿನ ಹತ್ತು ವರ್ಷ ಸ್ವಿಟ್ಜರ್‌ಲೆಂಡಿನ ಸಿಲ್ಸ್ ಮರಿಯಾ, ಇಟಲಿಯ ಜಿನೋವಾ, ಫ್ರಾನ್ಸಿನ ನೀಸ್ ಎಂದು ಹವೆ ಹುಡುಕಿಕೊಂಡು ಬಾಡಿಗೆ ಕೋಣೆಗಳಲ್ಲಿ ಒಬ್ಬನೇ ಬದುಕಿದ. ಬದುಕಿಗೆ ಹೌದು ಎಂದವನು ಸುಖದ ಕುರ್ಚಿಯಲ್ಲಿ ಕುಳಿತು ಹಾಗೆಂದದ್ದಲ್ಲ. ಇದನ್ನು ನೀವು ಮರೆಯಬಾರದು, ಏಕೆಂದರೆ ಪುಸ್ತಕದ ಅಬ್ಬರದ ಸ್ವರ ಅದನ್ನು ಮರೆಸುತ್ತದೆ.

ಈಗ ಕ್ರಮ. ಜರತುಷ್ಟ್ರನನ್ನು ಕೆಲವು ದಿನ ಪಕ್ಕಕ್ಕಿಡಿ. ಅದಕ್ಕಿಂತ ಮೊದಲು, 1882ರಲ್ಲಿ, ನೀತ್ಸೆ ಪ್ರಕಟಿಸಿದ ‘ನಲಿವಿನ ವಿಜ್ಞಾನ’ ಎಂಬ ಪುಸ್ತಕದ ನಾಲ್ಕನೇ ಭಾಗವನ್ನು ಹುಡುಕಿಕೊಳ್ಳಿ. ಸಣ್ಣ ಸಣ್ಣ ಟಿಪ್ಪಣಿಗಳ ಪುಸ್ತಕ. ರೈಲಿನಲ್ಲಿ ಓದಲು ಅನುಕೂಲ. ಅಲ್ಲಿ 276ನೆಯದು ಹೊಸ ವರ್ಷದ ಒಂದು ಹಾರೈಕೆ. ವಸ್ತುಗಳಲ್ಲಿ ಅನಿವಾರ್ಯವಾದುದನ್ನು ಸುಂದರವೆಂದು ನೋಡಲು ಕಲಿಯಬೇಕು, ಕುರೂಪದ ಮೇಲೂ ಯುದ್ಧ ಹೂಡಲಾರೆ, ದೂರುವವರನ್ನೂ ದೂರಲಾರೆ, ಎಂದಾದರೊಂದು ದಿನ ಬರೀ ಹೌದು ಎನ್ನುವವನಾಗಬೇಕು ಎಂದು ಅಲ್ಲಿ ಹೇಳಿಕೊಳ್ಳುತ್ತಾನೆ. ಎಷ್ಟು ಮೆದುವಾದ ಸ್ವರ ನೋಡಿ. ಅದು ಹಾರೈಕೆ ಮಾತ್ರ, ಸಾಧನೆಯಲ್ಲ. ಇದರ ಜೊತೆಗೆ 341ನೆಯದನ್ನು ಓದಿ. ಜರತುಷ್ಟ್ರನ ಇಡೀ ಕಥೆಯ ಬೀಜ ಅದು.

ಆ ಟಿಪ್ಪಣಿಯ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ನಮ್ಮ ಕಡೆಯ ಓದುಗರು ಎಡವುವುದು ಇಲ್ಲೇ. ನೀವು ತೀರಾ ಒಂಟಿಯಾಗಿರುವ ಹೊತ್ತಿನಲ್ಲಿ ಒಂದು ಪಿಶಾಚಿ ಮೆಲ್ಲಗೆ ಬಳಿಬಂದು ಹೇಳುತ್ತದೆ: ಈ ಬದುಕನ್ನು ಹೀಗೆಯೇ ಇನ್ನೊಮ್ಮೆ, ಲೆಕ್ಕವಿಲ್ಲದಷ್ಟು ಸಲ, ನೀನು ಬದುಕಬೇಕಾಗುತ್ತದೆ. ಹೊಸದೇನೂ ಇರುವುದಿಲ್ಲ. ಪ್ರತಿಯೊಂದು ನೋವು, ಪ್ರತಿಯೊಂದು ಸಂತೋಷ, ಈ ಜೇಡ, ಮರಗಳ ನಡುವಿನ ಈ ಬೆಳದಿಂಗಳು, ಎಲ್ಲವೂ ಇದೇ ಕ್ರಮದಲ್ಲಿ. ಕೇಳಿದ ನೀವು ಹಲ್ಲು ಕಡಿದು ಆ ಪಿಶಾಚಿಯನ್ನು ಶಪಿಸುವಿರಾ? ಅಥವಾ ‘ನೀನು ದೇವರು, ಇದಕ್ಕಿಂತ ದೈವಿಕವಾದ ಮಾತನ್ನು ಕೇಳಿಲ್ಲ’ ಎನ್ನುವಂಥ ಒಂದು ಗಳಿಗೆ ನಿಮ್ಮ ಬದುಕಿನಲ್ಲಿ ಎಂದಾದರೂ ಬಂದಿದೆಯೇ?

ಇದನ್ನು ಓದಿದ ಕೂಡಲೇ ನಮ್ಮವರು ‘ಓಹೋ, ಪುನರ್ಜನ್ಮ’ ಎಂದುಬಿಡುತ್ತಾರೆ. ಅಲ್ಲವೇ ಅಲ್ಲ. ಪುನರ್ಜನ್ಮದಲ್ಲಿ ಮುಂದಿನದು ಬೇರೆ ಜನ್ಮ. ಈ ಜನ್ಮದ ಪುಣ್ಯ ಅಲ್ಲಿ ಕೈಹಿಡಿಯುತ್ತದೆ, ಪಾಪ ಕಾಡುತ್ತದೆ, ಕೊನೆಗೊಮ್ಮೆ ಬಿಡುಗಡೆ ಎಂಬುದಿದೆ. ನೀತ್ಸೆಯ ಪಿಶಾಚಿ ಈ ಬಾಗಿಲುಗಳನ್ನೆಲ್ಲ ಮುಚ್ಚುತ್ತದೆ. ಮುಂದಿನ ಸಲ ಚೆನ್ನಾಗಿರುತ್ತದೆ ಎಂಬ ಆಸೆ ಇಲ್ಲ, ಇದಕ್ಕಿಂತ ಕೆಟ್ಟದ್ದು ಬಂದೀತೆಂಬ ಭಯವೂ ಇಲ್ಲ. ನಮ್ಮಲ್ಲಿ ಮರಳಿ ಬರುವುದು ಬಂಧನ. ಬಾರದಿರುವಂತೆ ಆಗಲಿ ಎಂದು ದಾಸರು, ಶರಣರು ಬೇಡಿಕೊಂಡರು. ಇಲ್ಲಿ ಮರಳಿ ಬರಲಿ ಎಂದು ಆಸೆಪಡುವಷ್ಟು ನೀನು ನಿನ್ನ ಬದುಕಿಗೂ ನಿನಗೂ ಒಲಿದಿದ್ದೀಯಾ ಎಂಬುದೇ ಪ್ರಶ್ನೆ. ಜಗತ್ತು ನಿಜಕ್ಕೂ ಹೀಗೆ ಸುತ್ತುತ್ತದೆಯೇ ಎಂದು ನೀತ್ಸೆ ತನ್ನ ಕೈಬರಹದ ಟಿಪ್ಪಣಿಗಳಲ್ಲಿ ವಾದ ಹೂಡಿ ನೋಡಿದ್ದುಂಟು. ಸಾಮಾನ್ಯ ಓದುಗರು ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಅಚ್ಚಾದ ಪುಸ್ತಕದಲ್ಲಿ ಅದು ಪ್ರಶ್ನೆಯಾಗಿಯೇ ಇದೆ.

ಈ ಎರಡು ಟಿಪ್ಪಣಿಗಳು ಮನಸ್ಸಿನಲ್ಲಿ ಕುಳಿತ ಮೇಲೆ ಜರತುಷ್ಟ್ರನ ಪೀಠಿಕೆಗೆ ಬನ್ನಿ. ಪ್ರಾಚೀನ ಪರ್ಷಿಯಾದ ಪ್ರವಾದಿಯ ಹೆಸರನ್ನು ಏಕೆ ಆರಿಸಿದ ಎಂದು ನೀವು ಯೋಚಿಸಿರಬಹುದು. ಒಳಿತು ಕೆಡುಕುಗಳ ಹೋರಾಟವನ್ನೇ ಜಗತ್ತಿನ ಚಕ್ರವೆಂದು ಮೊದಲು ಕಂಡವನು ಅವನು. ಆ ತಪ್ಪನ್ನು ಮೊದಲು ಅರಿಯಬೇಕಾದವನೂ ಅವನೇ ಎಂದು ನೀತ್ಸೆ ಮುಂದೆ ವಿವರಣೆ ಕೊಟ್ಟ. ಕಥೆಗೆ ಇಷ್ಟು ಸಾಕು. ಹತ್ತು ವರ್ಷ ಬೆಟ್ಟದ ಮೇಲಿದ್ದವನು ಕೆಳಗಿಳಿದು ಸಂತೆಯ ಬಯಲಿಗೆ ಬರುತ್ತಾನೆ. ಜನ ಸೇರಿರುವುದು ಹಗ್ಗದ ಮೇಲೆ ನಡೆಯುವವನನ್ನು ನೋಡಲು. ಇವನು ಅತಿಮಾನವನ ಬಗ್ಗೆ ಭಾಷಣ ಮಾಡುತ್ತಾನೆ, ಅವರು ನಗುತ್ತಾರೆ. ಮನುಷ್ಯ ತನ್ನನ್ನು ತಾನು ಮೀರಬೇಕು ಎನ್ನುತ್ತಾನೆ, ಅವರಿಗೆ ಬೇಡ. ಹಗ್ಗದ ಮೇಲಿನವನು ಬಿದ್ದು, ಮೈ ಜಜ್ಜಿ, ಇವನ ಪಕ್ಕದಲ್ಲೇ ಸಾಯುತ್ತಾನೆ.

ಕೋಲಾರದಲ್ಲಿ ನಾವು ಕೆಲವರು ಭಾನುವಾರ ಸಂಜೆ ಸೇರಿ ಪುಸ್ತಕ ಓದುತ್ತಿದ್ದೆವು. ಈ ಭಾಗ ಬಂದಾಗ ಕೆ.ಜಿ.ಎಫ್. ಚಿನ್ನದ ಗಣಿಯಲ್ಲಿ, 2001ರಲ್ಲಿ ಅದು ಮುಚ್ಚುವವರೆಗೂ ಭೂಮಿಯೊಳಗೆ ಇಳಿದು ದುಡಿದ ಹಿರಿಯರೊಬ್ಬರು ನಮ್ಮ ನಡುವೆ ಇದ್ದರು. ಕಥೆಯಲ್ಲಿ ಸಾಯುತ್ತಿರುವ ಆ ಹಗ್ಗದ ಮೇಲಿನವನು, ನಾನೇನು, ಏಟಿಗೂ ತುತ್ತು ಅನ್ನಕ್ಕೂ ಕುಣಿಯಲು ಕಲಿತ ಪ್ರಾಣಿಗಿಂತ ಹೆಚ್ಚೇನಲ್ಲ ಎನ್ನುತ್ತಾನೆ. ಹಾಗಲ್ಲ, ನೀನು ಅಪಾಯವನ್ನೇ ಕಸುಬು ಮಾಡಿಕೊಂಡೆ, ಅದರಲ್ಲಿ ಕೀಳಾದದ್ದೇನೂ ಇಲ್ಲ, ಈಗ ಆ ಕಸುಬಿನಲ್ಲೇ ಸಾಯುತ್ತಿದ್ದೀಯೆ, ನನ್ನ ಕೈಯಾರೆ ನಿನ್ನನ್ನು ಮಣ್ಣು ಮಾಡುತ್ತೇನೆ ಎಂದು ಜರತುಷ್ಟ್ರ ಹೇಳುತ್ತಾನೆ. ಆ ಹಿರಿಯರು ಅದನ್ನು ಇನ್ನೊಮ್ಮೆ ಓದಲು ಹೇಳಿದರು. ಓದಿದೆವು. ‘ಭಾಷಣಕ್ಕಿಂತ ಇದು ದೊಡ್ಡದು’ ಎಂದರು ಅವರು. ಪೀಠಿಕೆಯ ಬಗ್ಗೆ ನಾನು ಓದಿದ ಯಾವ ವಿಮರ್ಶೆಯೂ ಇಷ್ಟು ಸರಿಯಾದ ಮಾತನ್ನು ಹೇಳಿಲ್ಲ. ಅತಿಮಾನವನ ಭಾಷಣವನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ಭಾಷಣ ಸೋತ ಮೇಲೆ ಜರತುಷ್ಟ್ರ ಸೋತ ಕೂಲಿಯವನೊಬ್ಬನ ಹೆಣ ಹೊತ್ತು ರಾತ್ರಿಯೆಲ್ಲ ನಡೆದದ್ದನ್ನು ಮರೆಯುತ್ತಾರೆ.

ಒಂದನೇ ಭಾಗದಲ್ಲಿ ಒಂಟೆ, ಸಿಂಹ, ಮಗು ಎಂಬ ಮೂರು ರೂಪಾಂತರಗಳ ಮೊದಲ ಭಾಷಣವನ್ನು, ಕೊನೆಯದಾಗಿ ಕೊಡುವ ಗುಣದ ಮೇಲಿನ ಭಾಷಣವನ್ನು ಓದಿ. ನಡುವಿನವನ್ನು ಸದ್ಯಕ್ಕೆ ಬಿಟ್ಟರೆ ನಷ್ಟವಿಲ್ಲ. ಹೆಣ್ಣುಮಕ್ಕಳ ಬಗೆಗಿನ ಅಧ್ಯಾಯವೊಂದಿದೆ. ಅದರಲ್ಲಿ ಬರುವ ‘ಹೆಂಗಸರ ಬಳಿಗೆ ಹೋಗುವಾಗ ಚಾವಟಿ ಮರೆಯಬೇಡ’ ಎಂಬ ಮಾತನ್ನು ಹೇಳುವುದು ಒಬ್ಬ ಮುದುಕಿ, ಜರತುಷ್ಟ್ರನಲ್ಲ ಎಂದು ಕೆಲವರು ಸಮರ್ಥಿಸುತ್ತಾರೆ. ನಾನು ಸಮರ್ಥಿಸುವುದಿಲ್ಲ. ಆ ವಿಷಯದಲ್ಲಿ ನೀತ್ಸೆ ಸಣ್ಣವನಾಗಿಯೇ ಕಾಣುತ್ತಾನೆ. ಎರಡನೇ ಭಾಗದಲ್ಲಿ ರಾತ್ರಿಯ ಹಾಡು, ಅದಾದ ಮೇಲೆ ವಿಮೋಚನೆಯ ಅಧ್ಯಾಯ.

ವಿಮೋಚನೆಯ ಅಧ್ಯಾಯವನ್ನು ರೈಲಿನಲ್ಲಿ ಓದಬೇಡಿ, ಮನೆಯಲ್ಲಿ ಓದಿ. ನಿಮ್ಮ ಪತ್ರದ ಹಿಂದೆ ಇರುವ ಪ್ರಶ್ನೆಗೆ ಅದು ಹತ್ತಿರವಾದದ್ದು. ಮನುಷ್ಯನ ಇಚ್ಛೆಗೆ ಏನನ್ನು ಬೇಕಾದರೂ ಮಾಡುವ ಬಲವಿರಬಹುದು, ಆದರೆ ಹಿಂದಕ್ಕೆ ಹೋಗಿ ಆದದ್ದನ್ನು ಬದಲಿಸಲು ಆಗದು. ‘ಆಗಿಹೋಯಿತು’ ಎಂಬುದರ ಎದುರು ಅದು ಹಲ್ಲು ಕಡಿಯುತ್ತ ನಿಲ್ಲುತ್ತದೆ. ಕೈಲಾಗದ ಆ ಸಿಟ್ಟು ಸೇಡಾಗಿ, ಇರುವವರ ಮೇಲೆ, ಬದುಕಿನ ಮೇಲೆ, ತನ್ನ ಮೇಲೇ ತಿರುಗುತ್ತದೆ ಎಂದು ಜರತುಷ್ಟ್ರ ಹೇಳುತ್ತಾನೆ. ಸಾವಿನ ಮನೆಯಲ್ಲಿ ಇದ್ದವರಿಗೆಲ್ಲ ಇದು ಗೊತ್ತು: ಒಂದು ದಿನ ಮೊದಲೇ ಆಸ್ಪತ್ರೆಗೆ ಕರೆದೊಯ್ದಿದ್ದರೆ, ಆ ರಾತ್ರಿ ನಾನು ಊರಿನಲ್ಲಿದ್ದಿದ್ದರೆ. ‘ಆಗಿಹೋಯಿತು’ ಎಂಬುದನ್ನು ‘ನಾನೇ ಹೀಗೆ ಬಯಸಿದೆ’ ಎಂದು ಮಾರ್ಪಡಿಸುವುದೇ ವಿಮೋಚನೆ ಎಂದು ಅವನು ಅಲ್ಲಿ ಘೋಷಿಸುತ್ತಾನೆ. ದಯವಿಟ್ಟು ಈ ಮಾತನ್ನು ಆಜ್ಞೆಯಾಗಿ ತೆಗೆದುಕೊಳ್ಳಬೇಡಿ. ತಂದೆಯ ಸಾವನ್ನು ಬಯಸಿದೆ ಎನ್ನಲು ನಿಮಗೆ ಯಾರೂ ಹೇಳಲಾರರು. ಹೇಳಿದ ಜರತುಷ್ಟ್ರನೇ ಆ ಗಳಿಗೆಯಲ್ಲಿ ಬೆಚ್ಚಿಬಿದ್ದು ಮಾತು ನಿಲ್ಲಿಸುತ್ತಾನೆ. ತನ್ನ ಶಿಷ್ಯರ ಎದುರು ಒಂದು ಬಗೆ, ತನ್ನೆದುರು ಇನ್ನೊಂದು ಬಗೆ ಏಕೆ ಮಾತನಾಡುತ್ತಾನೆ ಎಂದು ಗೂನುಬೆನ್ನಿನವನೊಬ್ಬ ಅವನನ್ನು ಕೇಳುತ್ತಾನೆ. ಅಧ್ಯಾಯ ಆ ಪ್ರಶ್ನೆಯಲ್ಲೇ ಮುಗಿಯುತ್ತದೆ.

ಮೂರನೇ ಭಾಗವನ್ನು ಮಾತ್ರ ಬಿಡದೆ, ಬರೆದ ಕ್ರಮದಲ್ಲಿಯೇ ಓದಿ. ಅಲ್ಲಿ ಒಂದು ಕನಸಿನಂಥ ದೃಶ್ಯವಿದೆ. ನೆಲದ ಮೇಲೆ ಒಬ್ಬ ಕುರುಬ ಹೊರಳಾಡುತ್ತಿದ್ದಾನೆ, ಅವನ ಬಾಯಿಂದ ಕರೀ ಹಾವೊಂದು ಜೋತಾಡುತ್ತಿದೆ. ಮಲಗಿದ್ದಾಗ ಗಂಟಲೊಳಗೆ ಹೊಕ್ಕು ಕಚ್ಚಿಕೊಂಡಿದೆ. ಜರತುಷ್ಟ್ರ ಎಳೆಯುತ್ತಾನೆ, ಬರುವುದಿಲ್ಲ. ‘ಕಚ್ಚು, ಅದರ ತಲೆ ಕಚ್ಚಿ ಹಾಕು’ ಎಂದು ಕೂಗುತ್ತಾನೆ. ಕುರುಬ ಕಚ್ಚಿ, ಉಗಿದು, ಎದ್ದು ನಿಂತು ನಗುತ್ತಾನೆ. ಭೂಮಿಯ ಮೇಲೆ ಯಾವ ಮನುಷ್ಯನೂ ನಕ್ಕಿರದಂಥ ನಗು. ಯಾರು ಆ ಕುರುಬ ಎಂದು ಪುಸ್ತಕ ಆಗ ಹೇಳುವುದಿಲ್ಲ. ಎಷ್ಟೋ ಪುಟಗಳಾದ ಮೇಲೆ, ಚೇತರಿಸಿಕೊಳ್ಳುವವನ ಅಧ್ಯಾಯದಲ್ಲಿ, ಜರತುಷ್ಟ್ರ ಹೆಣದಂತೆ ಬಿದ್ದು ಏಳು ದಿನ ಮಲಗಿ ಎದ್ದ ಬಳಿಕ ಬಾಯಿಬಿಡುತ್ತಾನೆ: ಆ ಹಾವು ಹೊಕ್ಕದ್ದು ನನ್ನದೇ ಗಂಟಲನ್ನು. ಮನುಷ್ಯರ ಮೇಲಿನ ಹೇಸಿಗೆಯೇ ಆ ಹಾವು. ಸಣ್ಣ ಮನುಷ್ಯನೂ ಹೀಗೆಯೇ ಮತ್ತೆ ಮತ್ತೆ ಬರುತ್ತಾನಲ್ಲ ಎಂಬುದೇ ನನ್ನನ್ನು ಉಸಿರುಗಟ್ಟಿಸಿತ್ತು. ನೀವು ಒಂದನೇ ಭಾಗದಲ್ಲಿ ಕೇಳಿದ ಬೈಗುಳವೆಲ್ಲ ಈ ಕಾಯಿಲೆಯ ಲಕ್ಷಣ. ಅದನ್ನು ಉಗಿದ ಮೇಲೆ ಬರುವ ಹಾಡುಗಳಲ್ಲಿ, ಮೂರನೇ ಭಾಗದ ಕೊನೆಯ ಏಳು ಮುದ್ರೆಗಳ ಹಾಡಿನಲ್ಲಿ, ಸ್ವರವೇ ಬೇರೆ. ಗಟ್ಟಿಯಾಗಿ ಓದಿ, ಈ ಪುಸ್ತಕ ಕಿವಿಗಾಗಿ ಬರೆದದ್ದು.

ಭಾಷೆ ಹಳೆಯ ಬೈಬಲ್ಲಿನಂತಿದೆ ಎಂದಿರಿ. ನಿಮ್ಮ ಕೈಯಲ್ಲಿರುವುದು ಥಾಮಸ್ ಕಾಮನ್ ಮಾಡಿದ ಹಳೆಯ ಅನುವಾದವಾಗಿರಬಹುದು. ಉಚಿತವಾಗಿ ಸಿಗುವುದರಿಂದ ಅದೇ ಹೆಚ್ಚು ಹರಡಿದೆ. ಮೂಲ ಜರ್ಮನ್ನಿನಲ್ಲೂ ಬೈಬಲ್ಲಿನ ಲಯವಿದೆ, ಬೇಕೆಂದೇ ಇಟ್ಟದ್ದು. ಆದರೆ ಅದರಲ್ಲಿ ಚುರುಕು, ಕುಣಿತ, ತುಂಟತನ ಇವೆ. ವಾಲ್ಟರ್ ಕಾಫ್‌ಮನ್ 1954ರಲ್ಲಿ, ಆರ್.ಜೆ. ಹಾಲಿಂಗ್‌ಡೇಲ್ 1961ರಲ್ಲಿ ಹೊರತಂದ ಅನುವಾದಗಳಲ್ಲಿ ಒಂದನ್ನು ಕೊಂಡರೆ ನಿಮ್ಮ ಅರ್ಧ ಆಯಾಸ ಕಡಿಮೆಯಾಗುತ್ತದೆ.

ಹಿಟ್ಲರನ ಪ್ರಶ್ನೆ. ನೀತ್ಸೆ 1889ರ ಜನವರಿಯಲ್ಲಿ ಇಟಲಿಯ ತುರಿನ್ ನಗರದಲ್ಲಿ ಬುದ್ಧಿಭ್ರಮಣೆಗೆ ಒಳಗಾದ. ಮತ್ತೆ ಬರೆಯಲಿಲ್ಲ, 1900ರಲ್ಲಿ ತೀರಿಕೊಂಡ. ಹಿಟ್ಲರ್ ಹುಟ್ಟಿದ್ದೇ 1889ರ ಏಪ್ರಿಲ್‌ನಲ್ಲಿ. ಕಾಯಿಲೆಯ ಅಣ್ಣನನ್ನೂ ಅವನ ಕಾಗದಪತ್ರಗಳನ್ನೂ ಕೈವಶ ಮಾಡಿಕೊಂಡ ತಂಗಿ ಎಲಿಜಬೆತ್ ಮುಂದೆ ನಾತ್ಸಿಗಳಿಗೆ ಬಾಗಿಲು ತೆರೆದಳು. ಅವಳ ಗಂಡ ಯಹೂದಿ ದ್ವೇಷವನ್ನೇ ವೃತ್ತಿ ಮಾಡಿಕೊಂಡವನು. ಆ ಮದುವೆಯನ್ನೂ ಆ ದ್ವೇಷವನ್ನೂ ನೀತ್ಸೆ ಬದುಕಿದ್ದಾಗಲೇ ಕಟುವಾಗಿ ತಿರಸ್ಕರಿಸಿದ್ದ. ಹಾಗೆಂದು ಅವನು ನಿರಪಾಯಕಾರಿ ಎಂದು ನಾನು ಹೇಳಲಾರೆ. ಬಲವನ್ನು ಹೊಗಳುವ, ಕರುಣೆಯನ್ನು ಶಂಕಿಸುವ ಅವನ ವಾಕ್ಯಗಳನ್ನು ಕಿತ್ತು ಬಳಸುವುದು ಸುಲಭ. ಆ ವಾಕ್ಯಗಳು ಬಂದಾಗ ಅಂಚಿನಲ್ಲಿ ಒಂದು ಗೆರೆ ಎಳೆದು, ನಿಮಗೆ ಒಪ್ಪಿಗೆಯಿಲ್ಲದಿದ್ದರೆ ಇಲ್ಲವೆಂದೇ ಬರೆದಿಡಿ. ಒಂದನೇ ಭಾಗದ ಕೊನೆಯಲ್ಲಿ ಜರತುಷ್ಟ್ರನೇ ಶಿಷ್ಯರಿಗೆ, ಸದಾ ಶಿಷ್ಯನಾಗಿಯೇ ಉಳಿಯುವವನು ಗುರುವಿನ ಋಣ ತೀರಿಸುವುದಿಲ್ಲ, ನನ್ನನ್ನು ಕಳೆದುಕೊಂಡು ನಿಮ್ಮನ್ನು ಹುಡುಕಿಕೊಳ್ಳಿ ಎಂದು ಅಪ್ಪಣೆ ಕೊಡುತ್ತಾನೆ.

ನಾಲ್ಕನೇ ಭಾಗ ಉಳಿಯಿತು. 1885ರಲ್ಲಿ ನೀತ್ಸೆ ಅದರ 40 ಪ್ರತಿಗಳನ್ನಷ್ಟೇ ತನ್ನ ಖರ್ಚಿನಲ್ಲಿ ಅಚ್ಚುಹಾಕಿಸಿ ಬೆರಳೆಣಿಕೆಯ ಗೆಳೆಯರಿಗೆ ಕೊಟ್ಟ. ಮೂರನೆಯದು ಮುಗಿದ ಮೇಲೆ ಒಂದೆರಡು ತಿಂಗಳು ಬಿಟ್ಟು ಅದಕ್ಕೆ ಕೈಹಾಕಿ. ಆದರೆ ಅದರ ಕೊನೆಗೆ ಬರುವ ನಡುರಾತ್ರಿಯ ಹಾಡನ್ನು ಅಷ್ಟು ದಿನ ಕಾಯಿಸಬೇಡಿ. ಎಂದಾದರೂ ಒಂದು ಸಂತೋಷಕ್ಕೆ ಹೌದು ಎಂದಿದ್ದೀರಾ, ಹಾಗಾದರೆ ಎಲ್ಲ ನೋವಿಗೂ ಹೌದು ಎಂದಿದ್ದೀರಿ, ಎಲ್ಲವೂ ಒಂದರೊಳಗೊಂದು ಹೆಣೆದುಕೊಂಡಿವೆ ಎನ್ನುತ್ತಾನೆ ಅಲ್ಲಿ. ವಿಮೋಚನೆಯ ಅಧ್ಯಾಯದಲ್ಲಿ ಗಂಟಲಲ್ಲಿ ಸಿಕ್ಕಿಕೊಂಡ ಮಾತು ಇಲ್ಲಿ ತಿರುವುಮುರುವಾಗಿ, ಸಹಿಸಬಹುದಾದ ರೂಪದಲ್ಲಿ ಬಂದಿದೆ. ಸಾವಿನಿಂದ ಶುರು ಮಾಡಿ ಅದಕ್ಕೆ ಒಪ್ಪಿಗೆ ಕೊಡು ಎಂದು ಯಾರೂ ನಿಮ್ಮನ್ನು ಕೇಳುತ್ತಿಲ್ಲ. ತಂದೆ ಕಗ್ಗ ಓದುತ್ತಿದ್ದ ಒಂದು ರಾತ್ರಿ ಮತ್ತೆ ಬರಲಿ ಎಂದು ನಿಮಗೆ ಅನ್ನಿಸಿದ್ದರೆ, ಆ ರಾತ್ರಿಗೆ ಮೊದಲಿನದನ್ನೂ ನಂತರದ್ದನ್ನೂ ಅದರಿಂದ ಬಿಡಿಸಿ ತೆಗೆಯಲು ಬರುತ್ತದೆಯೇ ಎಂದು ಕೇಳುತ್ತಿದ್ದಾನೆ. ಉತ್ತರ ಈಗಲೇ ಬೇಕಾಗಿಲ್ಲ; ‘ಇಲ್ಲ, ಈ ಬದುಕು ಇನ್ನೊಮ್ಮೆ ಬೇಡ’ ಎಂಬುದೂ ಪ್ರಾಮಾಣಿಕ ಓದುಗರ ಉತ್ತರವೇ.

ಇದಾದ ಮೇಲೆ ಇನ್ನೂ ಓದಬೇಕೆನಿಸಿದರೆ ‘ನಲಿವಿನ ವಿಜ್ಞಾನ’ವನ್ನು ಪೂರ್ತಿ ಓದಿ. ‘ಅಧಿಕಾರದ ಇಚ್ಛೆ’ ಎಂಬ ಹೆಸರಿನಲ್ಲಿ ಸಿಗುವ ಪುಸ್ತಕವನ್ನು ಸದ್ಯಕ್ಕೆ ಕೊಳ್ಳಬೇಡಿ. ಅದು ನೀತ್ಸೆ ಮುಗಿಸಿ ಅಚ್ಚಿಗೆ ಕೊಟ್ಟದ್ದಲ್ಲ. ಅವನು ಸತ್ತ ಮೇಲೆ, 1901ರಲ್ಲಿ, ಅವನ ಬಿಡಿ ಟಿಪ್ಪಣಿಗಳನ್ನು ತಂಗಿಯ ಕಡೆಯವರು ತಮಗೆ ಸರಿಕಂಡಂತೆ ಜೋಡಿಸಿ ಹೊರತಂದದ್ದು.